ಅಂಗವೈಕಲ್ಯದ ಜೊತೆ ನರ್ಸಿಂಗ್: ಸೇರುವುದು ಹೇಗೆ, ಉಳಿಯುವುದು ಹೇಗೆ

ರೋಗಿಯ ಬಿಪಿ ಎಷ್ಟಿದೆ ಅಂತ ಸರಿಯಾಗಿ ಗೊತ್ತಾಗಬೇಕು. ಅದು ಕೆಲಸ. ಸ್ಟೆತಸ್ಕೋಪ್ ಕಿವಿಗೆ ಹಾಕಿಕೊಂಡು ಕೇಳಿಯೇ ತಿಳಿಯಬೇಕು ಅನ್ನುವುದು ಆ ಕೆಲಸಕ್ಕಿರುವ ದಾರಿಗಳಲ್ಲಿ ಒಂದು. ರೋಗಿ ಬೀಳದೆ, ನೋವಾಗದೆ ಹಾಸಿಗೆಯಿಂದ ಕುರ್ಚಿಗೆ ಬರಬೇಕು. ಅದು ಕೆಲಸ. ನರ್ಸ್ ತನ್ನ ಸೊಂಟದ ಬಲದಿಂದಲೇ ಎತ್ತಬೇಕು ಅನ್ನುವುದು ಒಂದು ದಾರಿ, ಅದೂ ಅಷ್ಟೇನೂ ಒಳ್ಳೆಯ ದಾರಿಯಲ್ಲ.

ಅಂಗವೈಕಲ್ಯ ಇದ್ದು ನರ್ಸಿಂಗ್‌ಗೆ ಬರುವವರು, ಡ್ಯೂಟಿ ಮಾಡುತ್ತಿರುವಾಗಲೇ ಕಾಯಿಲೆಯೋ ಅಪಘಾತವೋ ಆಗಿ ದೇಹ ಬದಲಾದವರು, ಇಬ್ಬರೂ ಮೊದಲು ರೂಢಿಸಿಕೊಳ್ಳಬೇಕಾದದ್ದು ಇದನ್ನೇ. ಏನಾಗಬೇಕು ಮತ್ತು ಎಲ್ಲರೂ ಅದನ್ನು ಹೇಗೆ ಮಾಡುತ್ತಾರೆ, ಇವೆರಡನ್ನೂ ಬಿಡಿಸಿ ನೋಡಿ. "ಇದು ನಿಮ್ಮಿಂದ ಆಗಲ್ಲ" ಅಂತ ಹೇಳುವವರು ಬಹಳ ಸಲ ಮಾತಾಡುತ್ತಿರುವುದು ರೂಢಿಯ ಬಗ್ಗೆ. ರೋಗಿಯ ಸುರಕ್ಷತೆಯಲ್ಲಿ ಯಾವತ್ತೂ ರಿಯಾಯಿತಿ ಕೇಳಬೇಡಿ. ಮಾಡುವ ರೀತಿಯಲ್ಲಿ ಬದಲಾವಣೆ ಬೇಕಿದ್ದರೆ ಧಾರಾಳವಾಗಿ ಕೇಳಿ.

1979ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ನರ್ಸಿಂಗ್ ಕಾಲೇಜಿನ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಕೇಳುವ ತೊಂದರೆ ಇದ್ದ, ಆಗಲೇ ಕೆಳಹಂತದ ನರ್ಸಿಂಗ್ ಲೈಸೆನ್ಸ್ ಇದ್ದ ಒಬ್ಬ ಮಹಿಳೆಗೆ ಮುಂದಿನ ಕೋರ್ಸಿನಲ್ಲಿ ಸೀಟು ಸಿಕ್ಕಿರಲಿಲ್ಲ. ಅವರು ತುಟಿ ನೋಡಿ ಮಾತು ಅರ್ಥ ಮಾಡಿಕೊಳ್ಳುತ್ತಿದ್ದರು. ಮಾಸ್ಕ್ ಹಾಕುವ ಜಾಗದಲ್ಲಿ ಅದು ನಡೆಯಲ್ಲ ಅನ್ನುವುದು ಕಾಲೇಜಿನ ವಾದಗಳಲ್ಲಿ ಒಂದಾಗಿತ್ತು. ಕೋರ್ಟ್ ಕಾಲೇಜಿನ ಪರ ನಿಂತಿತು. ಈಗ ಬಾಯಿ ಕಾಣುವ ಪಾರದರ್ಶಕ ಮಾಸ್ಕ್ ಇದೆ, ಮಾತನ್ನು ಆಗಿಂದಾಗಲೇ ಅಕ್ಷರ ಮಾಡಿ ತೋರಿಸುವ ಫೋನ್ ಇದೆ, ಎದೆಯ ಶಬ್ದವನ್ನು ಸ್ಕ್ರೀನಿನ ಮೇಲೆ ಅಲೆಯಾಗಿ ತೋರಿಸುವ ಸ್ಟೆತಸ್ಕೋಪ್ ಇದೆ. ಅಂದು ಅಡ್ಡ ನಿಂತಿದ್ದ ತೊಂದರೆಗಳಲ್ಲಿ ಹಲವಕ್ಕೆ ಇವತ್ತು ಉಪಾಯ ಇದೆ. ಅದನ್ನು ಹುಡುಕಿ, ತೋರಿಸಿ, ಕೆಲಸ ಆಗುತ್ತೆ ಅಂತ ಮನವರಿಕೆ ಮಾಡಿಸುವ ಹೊರೆ ಮಾತ್ರ ಇನ್ನೂ ಜಾಸ್ತಿ ನಮ್ಮ ಮೇಲೇ ಬೀಳುತ್ತಿದೆ. ಇದು ನ್ಯಾಯ ಅಲ್ಲ. ಆದರೂ ತಯಾರಾಗಿ ಹೋದವರಿಗೆ ದಾರಿ ಬೇಗ ತೆರೆಯುತ್ತದೆ.

ಕೋರ್ಸ್ ಸೇರುವ ಮೊದಲು

ಕಾಲೇಜಿಗೆ ಫೀಸು ಕಟ್ಟುವ ಮೊದಲು ಅವರ ದೈಹಿಕ ಅರ್ಹತೆಯ ನಿಯಮಗಳನ್ನು ಬರಹದಲ್ಲಿ ಕೇಳಿ. ಬಾಯಿಮಾತಲ್ಲಿ "ನೋಡೋಣ, ಬನ್ನಿ" ಅಂದರೆ ಅದನ್ನು ನಂಬಿ ಸೇರಬೇಡಿ. ನಿಯಮದಲ್ಲಿ "ಕೇಳಬೇಕು", "ಎತ್ತಬೇಕು", "ನಿಲ್ಲಬೇಕು" ಅಂತ ಇದ್ದರೆ, ಸಾಧನ ಬಳಸಿ ಅದೇ ಫಲ ಬಂದರೆ ಒಪ್ಪುತ್ತೀರಾ ಅಂತ ನೇರವಾಗಿ ಕೇಳಿ. ಥಿಯರಿ ತರಗತಿಗಿಂತ ಕ್ಲಿನಿಕಲ್ ಪೋಸ್ಟಿಂಗ್‌ನಲ್ಲೇ, ಅಂದರೆ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಕಲಿಯುವ ಅವಧಿಯಲ್ಲೇ, ತೊಂದರೆ ಬರುವುದು. ಯಾಕೆಂದರೆ ಕಾಲೇಜು ಒಪ್ಪಿದ್ದನ್ನು ಪೋಸ್ಟಿಂಗ್ ಹಾಕಿದ ಆಸ್ಪತ್ರೆ ಒಪ್ಪಿರಬೇಕು ಅಂತೇನಿಲ್ಲ. ಹಾಗಾಗಿ ಪ್ರತಿ ಪೋಸ್ಟಿಂಗ್‌ಗೆ ಮೊದಲು ಆ ವಾರ್ಡಿಗೆ ಯಾರು ಹೇಳುತ್ತಾರೆ, ಏನು ಹೇಳುತ್ತಾರೆ ಅನ್ನುವುದನ್ನು ಕಾಲೇಜಿನ ಜೊತೆ ಗೊತ್ತು ಮಾಡಿಕೊಳ್ಳಿ. ಬೊಂಬೆಗಳ ಮೇಲೆ ಅಭ್ಯಾಸ ಮಾಡಿಸುವ ಸ್ಕಿಲ್ ಲ್ಯಾಬಿನಲ್ಲಿ ನಿಮ್ಮದೇ ವಿಧಾನವನ್ನು ಮುಂಚೆಯೇ ಅಭ್ಯಾಸ ಮಾಡಿ, ಟ್ಯೂಟರ್ ಎದುರು ಮಾಡಿ ತೋರಿಸಿ, ಸಹಿ ಹಾಕಿಸಿಕೊಳ್ಳಿ. ಮುಂದೆ ಯಾರಾದರೂ ಪ್ರಶ್ನೆ ಎತ್ತಿದಾಗ ಆ ಕಾಗದ ಕೆಲಸಕ್ಕೆ ಬರುತ್ತದೆ.

ನರ್ಸ್ ಆಗಿ ರಿಜಿಸ್ಟ್ರೇಷನ್ ಮಾಡಿಸುವ ವೇಳೆ ಆರೋಗ್ಯದ ಬಗ್ಗೆ ಘೋಷಣೆ ಕೇಳುವ ದೇಶಗಳಿವೆ. ಬ್ರಿಟನ್ ಅದರಲ್ಲಿ ಒಂದು. ಅಲ್ಲಿ ನೋಡುವುದು ಕಾಯಿಲೆಯ ಹೆಸರನ್ನಲ್ಲ, ಬೇಕಾದ ಅನುಕೂಲ ಇದ್ದರೆ ಈ ವ್ಯಕ್ತಿ ಸುರಕ್ಷಿತವಾಗಿ ಕೆಲಸ ಮಾಡಬಲ್ಲರಾ ಅನ್ನುವುದನ್ನು. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಅಂಗವೈಕಲ್ಯಕ್ಕಿಂತ ಮುಚ್ಚಿಟ್ಟದ್ದೇ ದೊಡ್ಡ ವಿಷಯ ಆಗುತ್ತದೆ.

ಒಂದು ಡ್ಯೂಟಿಯನ್ನು ಬಿಡಿಸಿ ಬರೆಯಿರಿ

ಒಂದು ಹಾಳೆ ತಗೊಳ್ಳಿ. ಹಿಂದಿನ ಡ್ಯೂಟಿಯವರಿಂದ ರೋಗಿಗಳ ವಿವರ, ಅಂದರೆ ಹ್ಯಾಂಡೋವರ್, ತಗೊಳ್ಳುವುದರಿಂದ ಮುಂದಿನವರಿಗೆ ಹ್ಯಾಂಡೋವರ್ ಕೊಡುವವರೆಗೆ ಒಂದು ಡ್ಯೂಟಿಯಲ್ಲಿ ಏನೇನು ಮಾಡುತ್ತೀರೋ ಎಲ್ಲ ಬರೆಯಿರಿ. ಔಷಧಿ ರೌಂಡು, ಐವಿ ಹಾಕುವುದು, ಮಗ್ಗುಲು ಬದಲಿಸುವುದು, ಫೋನಿನಲ್ಲಿ ಬರುವ ಆರ್ಡರ್, ಅಲಾರಂ, ಎಮರ್ಜೆನ್ಸಿ, ದಾಖಲೆ, ರೋಗಿಯ ಮನೆಯವರ ಜೊತೆ ಮಾತು. ಪ್ರತಿಯೊಂದರ ಮುಂದೆ ಬರೆಯಿರಿ: ಹಾಗೇ ಮಾಡಬಲ್ಲೆ, ಸಾಧನ ಇದ್ದರೆ ಮಾಡಬಲ್ಲೆ, ಬೇರೆ ರೀತಿ ಮಾಡಬಲ್ಲೆ, ಬೇರೆಯವರ ಜೊತೆ ಅದಲು ಬದಲು ಮಾಡಿಕೊಳ್ಳಬೇಕು, ನನ್ನಿಂದ ಆಗಲ್ಲ. ಕೊನೆಯದನ್ನು ಬರೆಯಲು ಹಿಂಜರಿಯಬೇಡಿ. ಆಗಲ್ಲ ಅಂತ ಗೊತ್ತಿರುವ ನರ್ಸ್ ಅಪಾಯಕಾರಿ ಅಲ್ಲ. ಆಗುತ್ತೆ ಅಂತ ತೋರಿಸಿಕೊಳ್ಳುವ ನರ್ಸ್ ಅಪಾಯಕಾರಿ.

ಈ ಹಾಳೆ ಮುಂದೆ ಎಲ್ಲದಕ್ಕೂ ಬುನಾದಿ. ಯಾವ ವಿಭಾಗಕ್ಕೆ ಅರ್ಜಿ ಹಾಕಬೇಕು, ಏನು ಅನುಕೂಲ ಕೇಳಬೇಕು, ಇಂಟರ್‌ವ್ಯೂನಲ್ಲಿ ಏನು ಹೇಳಬೇಕು, ಎಲ್ಲಾ ಇಲ್ಲಿಂದಲೇ ಬರುತ್ತದೆ.

ಸಾಧನ ಮತ್ತು ವಿಧಾನ

ಕಿವಿ ಕೇಳುವುದು ಕಡಿಮೆ ಇದ್ದರೆ ಧ್ವನಿ ಹೆಚ್ಚಿಸುವ ಎಲೆಕ್ಟ್ರಾನಿಕ್ ಸ್ಟೆತಸ್ಕೋಪ್ ಇದೆ, ಕೆಲವು ಬ್ಲೂಟೂತ್ ಮೂಲಕ ಹಿಯರಿಂಗ್ ಏಡ್‌ಗೇ ನೇರವಾಗಿ ಶಬ್ದ ಕಳಿಸುತ್ತವೆ. ಕೊಳ್ಳುವ ಮೊದಲು ನಿಮ್ಮ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಜೊತೆ ಮಾತಾಡಿ. ಹಿಯರಿಂಗ್ ಏಡ್ ಹೊಂದಿಸಿರುವುದು ಮಾತು ಕೇಳಲಿಕ್ಕೆ. ಹೃದಯದ ಬಡಿತ ತೀರಾ ಕೆಳಸ್ವರದ ಶಬ್ದ, ಮಾತಿನ ಸೆಟ್ಟಿಂಗ್ ಅದನ್ನು ಚೆನ್ನಾಗಿ ದಾಟಿಸುವುದಿಲ್ಲ. ಸ್ಟೆತಸ್ಕೋಪಿಗೆ ಅಂತಲೇ ಬೇರೆ ಪ್ರೋಗ್ರಾಂ ಹಾಕಿಕೊಡಿ ಅಂತ ಕೇಳಿ. ಎಷ್ಟೋ ಜನ ದುಬಾರಿ ಸ್ಟೆತಸ್ಕೋಪ್ ತಂದು, ಇದೊಂದು ಗೊತ್ತಿಲ್ಲದೆ, ನನಗೆ ಇದು ಆಗಿಬರಲ್ಲ ಅಂತ ಕೈಬಿಡುತ್ತಾರೆ.

ಬಿಪಿಗೆ ಆಟೋಮ್ಯಾಟಿಕ್ ಮೆಷಿನ್ ಇದ್ದೇ ಇದೆ. ಆದರೆ ನಾಡಿ ಏರುಪೇರಾಗಿರುವ ರೋಗಿಯಲ್ಲಿ ಅದರ ಲೆಕ್ಕ ತಪ್ಪಬಹುದು, ಬಿಪಿ ತೀರಾ ಬಿದ್ದಾಗಲೂ ನೆಚ್ಚಿಕೊಳ್ಳುವ ಹಾಗಿಲ್ಲ. ಆಗ ಬೆರಳು ಮಣಿಕಟ್ಟಿನ ನಾಡಿಯ ಮೇಲಿಡಿ. ತೋಳಿಗೆ ಸುತ್ತಿದ ಕಫ್ ಉಬ್ಬಿಸುತ್ತಾ ಹೋಗಿ, ನಾಡಿ ಮಾಯವಾದ ಮೇಲೆ ಇನ್ನೂ 20–30 ಪಾಯಿಂಟ್ ಮೇಲೆ ಹೋಗಿ, ನಿಧಾನವಾಗಿ ಗಾಳಿ ಬಿಡಿ. ಬೆರಳಿಗೆ ನಾಡಿಯ ಮೊದಲ ತಟ್ಟು ಸಿಕ್ಕ ಅಂಕಿಯೇ ಮೇಲಿನ ಬಿಪಿ. ಕೆಳಗಿನದು ಈ ವಿಧಾನದಲ್ಲಿ ಸಿಗುವುದಿಲ್ಲ, ಅದಕ್ಕೆ ಇನ್ನೊಬ್ಬರನ್ನು ಕರೆಯಿರಿ, ಮತ್ತು ದಾಖಲೆಯಲ್ಲಿ ಹೇಗೆ ನೋಡಿದ್ದು ಅಂತ ಬರೆಯಿರಿ. ಇದು ಎಲ್ಲಾ ನರ್ಸ್‌ಗಳೂ ಕಲಿಯುವ ವಿಧಾನ, ನಿಮಗೆ ಇದರಲ್ಲಿ ಕೈ ಪಳಗಿರಬೇಕು ಅಷ್ಟೇ.

ಫೋನಿನ ಆರ್ಡರ್ ಮಾತ್ರ ನಿಜವಾದ ಅಪಾಯದ ಜಾಗ. ಇಂಗ್ಲಿಷಿನ ಫಿಫ್ಟೀನ್ (15), ಫಿಫ್ಟಿ (50) ಕಿವಿಗೆ ಹೆಚ್ಚುಕಮ್ಮಿ ಒಂದೇ ಥರ ಬೀಳಬಹುದು. ಆರ್ಡರ್ ಬರಹದಲ್ಲಿ ಬರಲಿ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಆಗದಿದ್ದರೆ ಇನ್ನೊಬ್ಬ ನರ್ಸ್ ಫೋನ್ ತಗೊಳ್ಳಲಿ. ನೀವೇ ತಗೊಂಡರೆ ಒಂದೊಂದೇ ಅಂಕಿಯಾಗಿ, "ಒಂದು, ಐದು" ಅಂತ, ವಾಪಸ್ ಓದಿ ಹೇಳಿ ಖಾತ್ರಿ ಮಾಡಿಕೊಳ್ಳಿ. ಅಲಾರಂಗೆ ವೈಬ್ರೇಟ್ ಆಗುವ ಪೇಜರ್ ಇಟ್ಟುಕೊಳ್ಳಬಹುದು.

ಕೈಬೆರಳುಗಳ ತೊಂದರೆ ಇರುವವರ ವಿಷಯಕ್ಕೆ ಬರೋಣ. ರುಮಟಾಯ್ಡ್ ಆರ್ತ್ರೈಟಿಸ್ ಅನ್ನುವ ಕೀಲುಬಾವು ಇರುವ ಬೆರಳುಗಳಲ್ಲಿ ಔಷಧಿಯ ಒಂದು ಪುಟ್ಟ ಗಾಜಿನ ಸೀಸೆ, ಅಂದರೆ ಆಂಪ್ಯೂಲ್, ಮುರಿಯುವುದು ಅಂದರೆ ಏನು ಅಂತ ಅನುಭವಿಸಿದವರಿಗೇ ಗೊತ್ತು. ಹೆಬ್ಬೆರಳಿನ ಗೆಣ್ಣು ಮಡಚಲ್ಲ, ಒತ್ತಿದರೆ ನೋವು ಮಣಿಕಟ್ಟಿನವರೆಗೆ ಏರುತ್ತೆ, ಒತ್ತದಿದ್ದರೆ ಆಂಪ್ಯೂಲ್ ಜಾರುತ್ತೆ, ಕೊನೆಗೆ ಕತ್ತಿನ ಬದಲು ಮೈಯೇ ಒಡೆದು ಗಾಜು ಬೆರಳಿಗೆ ನೆಟ್ಟುಕೊಳ್ಳುತ್ತೆ. ಪ್ಲಾಸ್ಟಿಕ್ಕಿನ ಆಂಪ್ಯೂಲ್ ಓಪನರ್ ಪುಟ್ಟ ವಸ್ತು, ಜೇಬಿನಲ್ಲಿ ಹಿಡಿಯುತ್ತೆ, ಒತ್ತಡವೆಲ್ಲ ಬೆರಳ ತುದಿಗೆ ಬೀಳದ ಹಾಗೆ ಮಾಡುತ್ತೆ. ವಯಲ್ ಮುಚ್ಚಳ ತೆಗೆಯುವುದು, ಸ್ಟ್ರಿಪ್‌ನಿಂದ ಮಾತ್ರೆ ಬಿಡಿಸುವುದು, ಇವಕ್ಕೂ ಸಾಧನ ಇದೆ. ದಪ್ಪ ಹಿಡಿಯ ಪೆನ್ನು ಇಟ್ಟುಕೊಳ್ಳಿ. ಈ ಕಾಯಿಲೆಯಲ್ಲಿ ಗೆಣ್ಣುಗಳು ಬೆಳಗ್ಗೆ ಎದ್ದಾಗಲೇ ಜಾಸ್ತಿ ಬಿಗಿದಿರುತ್ತವೆ, ಹಾಗಾಗಿ ಮಧ್ಯಾಹ್ನದ ಡ್ಯೂಟಿ ಕೇಳುವುದು ಅರ್ಧ ಸಮಸ್ಯೆಯನ್ನು ಖರ್ಚಿಲ್ಲದೆ ಕಳೆಯುತ್ತದೆ. ಮಣಿಕಟ್ಟಿಗೆ ಸ್ಪ್ಲಿಂಟ್ ಹಾಕುವವರು ಇನ್‌ಫೆಕ್ಷನ್ ಕಂಟ್ರೋಲ್ ನರ್ಸ್ ಜೊತೆ ಮೊದಲೇ ಕೂತು ಮಾತಾಡಿ: ಯಾವಾಗ ತೆಗೆಯಬೇಕು, ಯಾವುದು ತೊಳೆಯಲು ಬರುತ್ತೆ, ಎಷ್ಟು ಜೋಡಿ ಬೇಕು.

ಬೆನ್ನು, ಕಾಲು, ಸೊಂಟದ ತೊಂದರೆ ಇದ್ದವರು ಒಂದು ಅಂಕಿ ನೆನಪಿಡಿ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆಯಾದ ನಿಯೋಷ್‌ನ ಲೆಕ್ಕದ ಪ್ರಕಾರ ರೋಗಿಯನ್ನು ಕೈಯಲ್ಲಿ ಎತ್ತುವಾಗ ಒಬ್ಬರ ಮೇಲೆ ಬೀಳುವ ಭಾರ 35 ಪೌಂಡ್, ಅಂದರೆ ಸುಮಾರು 16 ಕಿಲೋ ಮೀರಬಾರದು. ಇದು ಗಟ್ಟಿಮುಟ್ಟಾಗಿರುವ ನರ್ಸ್‌ಗಳಿಗೆ ಹೇಳಿದ ಮಿತಿ. ತೂಕ ಜಾಸ್ತಿ ಇರುವ ರೋಗಿಯ ಒಂದು ಕಾಲಿನ ಭಾರವೇ ಇದರ ಹತ್ತಿರ ಬರುತ್ತದೆ ಅಲ್ವಾ? ಹಾಗಾಗಿ ರೋಗಿಯನ್ನು ಎತ್ತುವ ಯಂತ್ರವಾದ ಹಾಯ್ಸ್ಟ್, ಜಾರಿಸುವ ಶೀಟು, ವರ್ಗಾಯಿಸುವ ಬೋರ್ಡು ಕೇಳುವಾಗ "ನನಗೋಸ್ಕರ" ಅಂತ ಕೇಳಬೇಡಿ, ವಾರ್ಡಿಗೋಸ್ಕರ ಅಂತ ಕೇಳಿ. ಅದು ಸತ್ಯವೂ ಹೌದು.

ವೀಲ್‌ಚೇರ್ ಬಳಸುವವರಿಗೆ ಕೈ ಶುಚಿ ದೊಡ್ಡ ವಿಷಯ. ಚಕ್ರದ ರಿಂಗ್ ಮುಟ್ಟಿದ ಕೈ ರೋಗಿಯನ್ನು ಮುಟ್ಟುವ ಹಾಗಿಲ್ಲ. ರೋಗಿಯ ಹತ್ತಿರ ಬಂದು, ಬ್ರೇಕ್ ಹಾಕಿ, ಸ್ಯಾನಿಟೈಸರ್ ಹಚ್ಚಿ, ಆಮೇಲೆ ಮುಟ್ಟುವುದು. ಈ ಕ್ರಮ ಯೋಚಿಸದೆಯೇ ಬರುವಷ್ಟು ಅಭ್ಯಾಸ ಆಗಬೇಕು, ಸ್ಯಾನಿಟೈಸರ್ ಕುರ್ಚಿಗೇ ಸಿಕ್ಕಿಸಿರಬೇಕು. ರಿಂಗ್‌ಗಳನ್ನು ಡ್ಯೂಟಿಯ ನಡುವೆಯೂ ಒರೆಸಿ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಸಿಪಿಆರ್ ಹೇಗೆ ಮಾಡ್ತೀರಿ? ಎದೆಯನ್ನು 5–6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100–120 ಸಲ ಒತ್ತಬೇಕು, ಗಟ್ಟಿ ತೋಳಿನವರೂ ಎರಡು ನಿಮಿಷಕ್ಕೆ ಬದಲಾಗಬೇಕು. ನಿಮ್ಮಿಂದ ಆಗುತ್ತಾ ಅಂತ ಅಭ್ಯಾಸದ ಬೊಂಬೆಯ (ಮ್ಯಾನಿಕಿನ್) ಮೇಲೆ ಮಾಡಿ ನೋಡಿ, ಮಂಚ ಕೆಳಗಿಳಿಸಿ ನೋಡಿ. ಆಗದಿದ್ದರೆ ಎಮರ್ಜೆನ್ಸಿಯಲ್ಲಿ ನಿಮ್ಮ ಜಾಗ ಯಾವುದು ಅಂತ ಮುಂಚೆಯೇ ನಿರ್ಧಾರ ಆಗಿರಲಿ. ಕರೆ ಮಾಡುವುದು, ಉಸಿರಿನ ಬ್ಯಾಗ್ ಒತ್ತುವುದು, ಔಷಧಿ ತಯಾರು ಮಾಡುವುದು, ಸಮಯ ನೋಡಿ ಬರೆಯುವುದು, ಇವೆಲ್ಲಕ್ಕೂ ಅಲ್ಲಿ ಜನ ಬೇಕೇ ಬೇಕು. ಆದರೆ ರಾತ್ರಿ ಒಬ್ಬರೇ ಇರುವ ವಾರ್ಡಿನಲ್ಲಿ ಈ ಉತ್ತರ ನಡೆಯಲ್ಲ. ಅಂಥ ಡ್ಯೂಟಿ ಬೇಡ ಅಂತ ನೀವೇ ಹೇಳಬೇಕು.

ಓದು, ಲೆಕ್ಕದಲ್ಲಿ ತೊಡಕಿರುವ ಡಿಸ್ಲೆಕ್ಸಿಯಾದವರಿಗೆ ಒಂದೇ ಥರ ಕಾಣುವ ಔಷಧಿ ಹೆಸರುಗಳು ದೊಡ್ಡ ಗಂಡಾಂತರ. ಹೈಡ್ರಲಜೀನ್ ಬಿಪಿಗೆ, ಹೈಡ್ರಾಕ್ಸಿಜೀನ್ ಅಲರ್ಜಿಗೆ. ಹೆಸರಿನ ಬೇರೆಯಾಗುವ ಭಾಗವನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕುವ ಪದ್ಧತಿ ಇದೆ, ನಿಮ್ಮ ವಾರ್ಡಿನ ಕಪಾಟಿಗೂ ಅದನ್ನು ತರಿಸಿ. ಡೋಸ್ ಲೆಕ್ಕ ಯಾವಾಗಲೂ ಒಂದೇ ಕ್ರಮದಲ್ಲಿ, ಕಾಗದದ ಮೇಲೆ ಮಾಡಿ. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಥರದವಕ್ಕೆ ಇನ್ನೊಬ್ಬರು ತಾವೇ ಬೇರೆಯಾಗಿ ಲೆಕ್ಕ ಹಾಕಿ ನೋಡಲಿ, ನಿಮ್ಮ ಉತ್ತರ ನೋಡಿ ತಲೆ ಆಡಿಸುವುದು ಚೆಕ್ ಅಲ್ಲ. ಬಣ್ಣ ಗುರುತಿಸುವ ತೊಂದರೆ ಇದ್ದರೆ ಯೂರಿನ್ ಸ್ಟ್ರಿಪ್ ಓದುವ ಮೆಷಿನ್ ಕೇಳಿ.

ಡಯಾಬಿಟಿಸ್ ಇರುವವರು ಊಟದ ಬ್ರೇಕನ್ನು ಬಿಟ್ಟುಕೊಡಬೇಡಿ, ವಾರ್ಡ್ ಎಷ್ಟೇ ಬಿಜಿ ಇರಲಿ. ಶುಗರ್ ಇಳಿದರೆ 15 ಗ್ರಾಂ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ಚೆಕ್ ಅಂತ ರೋಗಿಗೆ ಹೇಳಿಕೊಡುವುದು ನಾವೇ, ನಮ್ಮ ಜೇಬಿನಲ್ಲೇ ಗ್ಲೂಕೋಸ್ ಇಲ್ಲದಿದ್ದರೆ ಹೇಗೆ? ಮೂರ್ಛೆ ರೋಗ ಅಥವಾ ಬೈಪೋಲಾರ್ ಇದ್ದವರಿಗೆ ನಿದ್ದೆ ಕೆಡುವುದೇ ಹೊಡೆತ, ಹಗಲು ರಾತ್ರಿ ತಿರುಗುವ ರೋಸ್ಟರ್ ಬೇಡ ಅಂತ ವೈದ್ಯರಿಂದ ಬರೆಸಿಕೊಳ್ಳಿ. ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರಗಳ ಕಾಯಿಲೆ ಇದ್ದವರಿಗೆ ಮೈ ಬಿಸಿಯಾದರೆ ಲಕ್ಷಣಗಳು ಏರುತ್ತವೆ, ಪಿಪಿಇ ಕಿಟ್ ಒಳಗೆ ಎಷ್ಟು ಹೊತ್ತು ಅನ್ನುವುದಕ್ಕೆ ಮಿತಿ ಬೇಕು.

ಯಾರಿಗೆ ಹೇಳಬೇಕು, ಹೇಗೆ ಕೇಳಬೇಕು

ಹೊರಗೆ ಕಾಣದ ಅಂಗವೈಕಲ್ಯವನ್ನು ಹೇಳಬೇಕಾ ಬೇಡವಾ ಅನ್ನುವುದು ನಿಮ್ಮ ನಿರ್ಧಾರ. ನನ್ನ ಅಳತೆ ಸರಳ. ರೋಗಿಯ ಸುರಕ್ಷತೆಗೆ ಸಂಬಂಧ ಇದ್ದರೆ, ಅಥವಾ ನಿಮಗೆ ಅನುಕೂಲ ಬೇಕಿದ್ದರೆ, ಹೇಳಿ. ಎರಡೂ ಇಲ್ಲದಿದ್ದರೆ ಹೇಳಲೇಬೇಕಾದ ಸಾಲ ಯಾರಿಗೂ ಇಲ್ಲ. ಅಮೆರಿಕದ 1990ರ ಅಂಗವಿಕಲರ ಕಾಯ್ದೆಯಡಿ (ಎಡಿಎ) ಕೆಲಸ ಕೊಡುವ ಮೊದಲು ಅಂಗವೈಕಲ್ಯದ ಬಗ್ಗೆ ಕೇಳುವಂತಿಲ್ಲ, ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯೂ ಅಂಥ ಪ್ರಶ್ನೆಗಳಿಗೆ ಕಡಿವಾಣ ಹಾಕಿದೆ. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಮಾಡಿಕೊಡಲು ಸಾಧ್ಯವಿರುವ ಹೊಂದಾಣಿಕೆಯನ್ನು ನಿರಾಕರಿಸುವುದೇ ತಾರತಮ್ಯ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಇದೇ ಇದೆ. ನಿಮ್ಮ ದೇಶದ ಕಾನೂನಿನಲ್ಲಿ ಇದಕ್ಕೆ ಯಾವ ಪದ ಇದೆಯೋ ಅದನ್ನೇ ಅರ್ಜಿಯಲ್ಲಿ ಬಳಸಿ. ಆಗ ಅದು ಉಪಕಾರ ಕೇಳಿದ ಹಾಗೆ ಇರುವುದಿಲ್ಲ.

ಅರ್ಜಿ ಉದ್ದ ಬೇಡ. ಕಾಯಿಲೆಯ ಕತೆ ಬೇಡ. ಹೀಗಿದ್ದರೆ ಸಾಕು:

"ನನಗೆ ಎರಡೂ ಕಿವಿಯಲ್ಲಿ ಕೇಳುವ ಶಕ್ತಿ ಕಡಿಮೆ ಇದೆ. ಔಷಧಿ ಕೊಡುವುದು, ರೋಗಿಯನ್ನು ಗಮನಿಸುವುದು, ದಾಖಲೆ, ಎಲ್ಲವನ್ನೂ ನಾನು ಪೂರ್ತಿ ನಿರ್ವಹಿಸುತ್ತೇನೆ. ಮೂರು ಅನುಕೂಲ ಬೇಕು: ಫೋನಿನ ಆರ್ಡರ್ ಬರಹದಲ್ಲಿ ಬರಬೇಕು, ಮಾನಿಟರ್ ಅಲಾರಂಗೆ ವೈಬ್ರೇಟ್ ಆಗುವ ಪೇಜರ್ ಬೇಕು, ಹ್ಯಾಂಡೋವರ್ ಗದ್ದಲ ಇಲ್ಲದ ಕಡೆ ಆಗಬೇಕು. ಒಂದು ತಿಂಗಳು ಹೀಗೆ ನಡೆಸಿ ನೋಡಿ, ಆಮೇಲೆ ಕೂತು ಪರಿಶೀಲಿಸೋಣ."

ತಿಂಗಳ ಪ್ರಯೋಗ ಅಂದಾಗ ಒಪ್ಪಲು ಹಿಂದೆ ಮುಂದೆ ನೋಡುವವರೂ ಒಪ್ಪುತ್ತಾರೆ. ಬಾಯಲ್ಲಿ ಮಾತಾಡಿದ್ದನ್ನು ಅದೇ ದಿನ ಮೇಲ್ ಮಾಡಿ, "ನಾವು ಒಪ್ಪಿದ್ದು ಇದು" ಅಂತ. ಇನ್‌ಚಾರ್ಜ್ ಬದಲಾದ ದಿನ ಈ ಮೇಲ್ ಇಲ್ಲದಿದ್ದರೆ ಎಲ್ಲ ಮೊದಲಿಂದ ಶುರು. ಏನು ಕೇಳಬಹುದು ಅಂತಲೇ ಹೊಳೆಯದಿದ್ದರೆ ಅಮೆರಿಕದ ಜಾಬ್ ಅಕಾಮಡೇಷನ್ ನೆಟ್‌ವರ್ಕ್‌ನ ವೆಬ್‌ಸೈಟ್ ನೋಡಿ, ಒಂದೊಂದು ಅಂಗವೈಕಲ್ಯಕ್ಕೂ ಯಾವ ಯಾವ ಹೊಂದಾಣಿಕೆ ಇದೆ ಅಂತ ಉಚಿತವಾಗಿ ಪಟ್ಟಿ ಮಾಡಿದ್ದಾರೆ. ಕಾನೂನು ಅಲ್ಲಿನದು, ಉಪಾಯಗಳು ಎಲ್ಲ ಕಡೆ ನಡೆಯುತ್ತವೆ.

ಜೊತೆಗೆ ಕೆಲಸ ಮಾಡುವವರ ವಿಷಯ ಬೇರೆ. "ಅವರಿಗೆ ಮಾತ್ರ ಸುಲಭದ ಡ್ಯೂಟಿ" ಅನ್ನುವ ಗೊಣಗಾಟ ಬರುತ್ತೆ, ಅದು ನೋಯಿಸುತ್ತೆ ಕೂಡ. ಕೆಲಸ ಬಿಡಿಸಿಕೊಳ್ಳುವ ಬದಲು ಅದಲು ಬದಲು ಮಾಡಿಕೊಂಡರೆ ಈ ಮಾತು ಬಹಳ ಮಟ್ಟಿಗೆ ನಿಲ್ಲುತ್ತೆ. ನೀವು ನನ್ನ ರೋಗಿಯನ್ನು ಹಾಸಿಗೆಯಿಂದ ಇಳಿಸಿ, ನಾನು ನಿಮ್ಮ ಮೂರು ಡಿಸ್ಚಾರ್ಜ್ ಕಾಗದ ಮುಗಿಸುತ್ತೇನೆ. ಇದನ್ನು ಡ್ಯೂಟಿ ಶುರುವಿನಲ್ಲೇ ಹೇಳಿ. ರೋಗಿ "ನಿಮಗೇನಾಗಿದೆ ಸಿಸ್ಟರ್?" ಅಂತ ಕೇಳಿದರೆ ಒಂದೇ ವಾಕ್ಯದ ಉತ್ತರ ತಯಾರಿರಲಿ, ಮಾತು ಮತ್ತೆ ರೋಗಿಯ ಕಡೆಗೇ ತಿರುಗಲಿ.

ವರ್ಷಗಟ್ಟಲೆ ನಡೆಯಬೇಕು ಅಂದರೆ

ಸುಸ್ತು ಹಲವು ಅಂಗವೈಕಲ್ಯಗಳ ಜೊತೆಗೆ ಬರುತ್ತದೆ. ತುಟಿ ನೋಡಿ ಮಾತು ಹಿಡಿಯುವವರ ಸುಸ್ತು, ಕೃತಕ ಕಾಲಿನಲ್ಲಿ ನಡೆಯುವವರ ಸುಸ್ತು, ಬೇರೆಯವರ ಲೆಕ್ಕಕ್ಕೆ ಸಿಗುವುದಿಲ್ಲ. 2004ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 12.5 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಡ್ಯೂಟಿ ಮಾಡಿದ ನರ್ಸ್‌ಗಳಲ್ಲಿ ತಪ್ಪಾಗುವ ಸಂಭವ ಮೂರು ಪಟ್ಟು ಕಂಡಿತ್ತು. ಅದು ಎಲ್ಲ ನರ್ಸ್‌ಗಳ ಲೆಕ್ಕ. ಹಾಗಾಗಿ ಎಂಟು ಗಂಟೆಯ ಡ್ಯೂಟಿ, ಎರಡು ಡ್ಯೂಟಿ ನಡುವೆ ಸಾಕಷ್ಟು ಬಿಡುವು, ಇವನ್ನು ಕೇಳುವಾಗ ಸುರಕ್ಷತೆಯ ಮಾತನ್ನೇ ಮುಂದಿಡಿ. ರಜಾದಿನವನ್ನು ಬರೀ ಚೇತರಿಕೆಗೇ ಕಳೆಯುತ್ತಿದ್ದೀರಿ ಅಂತ ಅನಿಸಿದರೆ ಡ್ಯೂಟಿಯ ಹೊಂದಾಣಿಕೆ ಸಾಲುತ್ತಿಲ್ಲ ಅಂತ ಅರ್ಥ. ಕೆಲಸ ಬಿಡುವ ಯೋಚನೆಗಿಂತ ಮೊದಲು ಡ್ಯೂಟಿ ಬಿಡಿಸಿ ಬರೆದ ಆ ಹಾಳೆಯನ್ನು ಮತ್ತೆ ತೆಗೆದು ನೋಡಿ.

ವಾರ್ಡ್ ಒಂದೇ ನರ್ಸಿಂಗ್ ಅಲ್ಲ. ಡಯಾಲಿಸಿಸ್, ಓಪಿಡಿ, ಲಸಿಕೆ, ಮಾನಸಿಕ ಆರೋಗ್ಯ, ಇನ್‌ಫೆಕ್ಷನ್ ಕಂಟ್ರೋಲ್, ಕ್ವಾಲಿಟಿ, ಸಂಶೋಧನೆ, ಬೋಧನೆ, ಡಯಾಬಿಟಿಸ್ ತಿಳಿವಳಿಕೆ ಕೊಡುವ ಕೆಲಸ, ಫೋನಿನಲ್ಲಿ ರೋಗಿಯ ಸ್ಥಿತಿ ಅಳೆಯುವ ಕೆಲಸ, ಆಸ್ಪತ್ರೆಯ ಸಾಫ್ಟ್‌ವೇರ್ ವಿಭಾಗ. ಫ್ಲಾರೆನ್ಸ್ ನೈಟಿಂಗೇಲ್ ಕ್ರೈಮಿಯಾ ಯುದ್ಧದಿಂದ 1856ರಲ್ಲಿ ವಾಪಸ್ ಬಂದ ಮೇಲೆ ವರ್ಷಗಟ್ಟಲೆ ಕಾಯಿಲೆಯಿಂದ ಹಾಸಿಗೆಯಲ್ಲೇ ಇದ್ದರು, ಅಂಕಿಅಂಶ, ಆಸ್ಪತ್ರೆಗಳ ಯೋಜನೆ, ಪತ್ರ ವ್ಯವಹಾರ ಎಲ್ಲ ಅಲ್ಲಿಂದಲೇ ನಡೆಯಿತು. ಆದರೂ ಒಂದು ಎಚ್ಚರಿಕೆ. ಕುರ್ಚಿಯ ಕೆಲಸ ಎಲ್ಲರಿಗೂ ಸುಲಭ ಅಂದುಕೊಳ್ಳಬೇಡಿ. ಬೆನ್ನುನೋವಿನವರಿಗೆ ಎಂಟು ಗಂಟೆ ಕೂರುವುದು ನಡೆದಾಡುವುದಕ್ಕಿಂತ ಕಷ್ಟ, ಕಿವಿ ಕೇಳದವರಿಗೆ ಫೋನಿನ ಕೆಲಸ ಹಿಂಸೆ. ಮತ್ತು ನಿಮಗೆ ರೋಗಿಯ ಪಕ್ಕದಲ್ಲೇ ಇರುವ ಕೆಲಸ ಇಷ್ಟ ಇದ್ದು, ಅದನ್ನು ಸುರಕ್ಷಿತವಾಗಿ ಮಾಡುತ್ತಲೂ ಇದ್ದರೆ, ಬೇರೆಯವರ ಕಣ್ಣಿಗೆ ಕಷ್ಟ ಅನಿಸಿತು ಅಂತ ಕಚೇರಿಗೆ ಹೋಗಬೇಡಿ. ವಿಭಾಗ ಬದಲಿಸುವ ಯೋಚನೆ ಇದ್ದರೆ ದೇಹ ಇನ್ನೂ ಚೆನ್ನಾಗಿರುವಾಗಲೇ ಅದಕ್ಕೆ ಬೇಕಾದ ಸರ್ಟಿಫಿಕೇಟ್ ಕೋರ್ಸ್ ಮಾಡಿಟ್ಟುಕೊಳ್ಳಿ.

ಕೆಲಸದಲ್ಲಿದ್ದಾಗಲೇ ಅಂಗವೈಕಲ್ಯ ಬಂದರೆ ಮೊದಲ ತಿಂಗಳುಗಳಲ್ಲಿ ರಾಜೀನಾಮೆ ಬರೆಯಬೇಡಿ. ಯಾರು ಎಷ್ಟೇ ಪ್ರೀತಿಯಿಂದ ಸಲಹೆ ಕೊಟ್ಟರೂ ಬೇಡ. ಆಗ ಇರುವ ದೇಹವೂ ಮನಸ್ಸೂ ಕೊನೆಯವರೆಗೆ ಹಾಗೇ ಇರುವುದಿಲ್ಲ, ರಾಜೀನಾಮೆ ಮಾತ್ರ ಹಾಗೇ ಇರುತ್ತದೆ. ಭಾರತದ 2016ರ ಕಾಯ್ದೆಯ ಪ್ರಕಾರ ಸರ್ಕಾರಿ ಸಂಸ್ಥೆಗಳು ಸೇವೆಯಲ್ಲಿರುವಾಗ ಅಂಗವಿಕಲರಾದವರನ್ನು ತೆಗೆದುಹಾಕುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಇದ್ದ ಕೆಲಸ ಆಗದಿದ್ದರೆ ಅದೇ ಸಂಬಳ ಶ್ರೇಣಿಯಲ್ಲಿ ಬೇರೆ ಕೆಲಸ ಕೊಡಬೇಕು. ಬೇರೆ ದೇಶಗಳಲ್ಲಿ, ಖಾಸಗಿ ಆಸ್ಪತ್ರೆಗಳಲ್ಲಿ ನಿಯಮ ಬೇರೆ ಇರಬಹುದು. ಯೂನಿಯನ್ ಇದ್ದರೆ ಅವರನ್ನು, ಇಲ್ಲದಿದ್ದರೆ ಕಾರ್ಮಿಕ ಕಾನೂನು ಗೊತ್ತಿರುವ ಒಬ್ಬ ವಕೀಲರನ್ನು ಕಂಡು, ಆಮೇಲೆ ಸಹಿ ಹಾಕಿ.

ದೀರ್ಘ ರಜೆ ಮುಗಿಸಿ ಬರುವಾಗ ಒಮ್ಮೆಲೇ ಪೂರ್ತಿ ಡ್ಯೂಟಿಗೆ ಹೋಗಬೇಡಿ. ಮೊದಲ ವಾರಗಳಲ್ಲಿ ಕಡಿಮೆ ಗಂಟೆ, ಕಡಿಮೆ ರೋಗಿಗಳು, ಜೊತೆಗೊಬ್ಬ ನರ್ಸ್, ಹೀಗೆ ಹಂತಹಂತವಾಗಿ ಅಂತ ಬರಹದಲ್ಲಿ ಕೇಳಿ. ಔಷಧಿ ಲೆಕ್ಕ, ಐವಿ, ಸಿಪಿಆರ್ ತರಬೇತಿ ಮತ್ತೊಮ್ಮೆ ಮಾಡಿಕೊಳ್ಳಿ. ಈಗಿನ ದೇಹದಲ್ಲಿ ಕೈ ಹೇಗೆ ಓಡುತ್ತೆ ಅಂತ ಸ್ಕಿಲ್ ಲ್ಯಾಬಿನಲ್ಲೇ ಗೊತ್ತಾಗಲಿ. ರೋಸ್ಟರನ್ನು ಸೇರುವ ಮೊದಲೇ ತರಿಸಿ ನೋಡಿ. ಮೊದಲ ವಾರವೇ ನೈಟ್ ಡ್ಯೂಟಿ ಬಿದ್ದಿದ್ದರೆ ಆಗಲೇ ಬದಲಾಯಿಸಿಕೊಳ್ಳಿ, ಸೇರಿದ ಮೇಲೆ ಅದನ್ನು ಕೇಳುವುದು ಇನ್ನೂ ಕಷ್ಟ.